ಮಡಚುವ ಫೋನಿಗೆ ಎರಡು ಅಂಕ

ಮಾರ್ಚ್ ೪, ಸೋಮವಾರ

ಬೆಳಿಗ್ಗೆ ಕಚೇರಿಗೆ ಹೋಗುವಷ್ಟರಲ್ಲಿ ಟೇಬಲ್ಲಿನ ಮೇಲೆ ಒಂದು ಡಬ್ಬಿ ಇಟ್ಟಿದ್ದರು. ಒಳಗೆ ಮಡಚುವ ಫೋನು. ಮುಚ್ಚಳ ತೆಗೆದ ಕೂಡಲೇ ಅಗ್ಗದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಬಣ್ಣ ಕೆಂಪು, ಅದೂ ಕಣ್ಣುಬೇನೆ ಬಂದವರ ಕಣ್ಣಿನ ಕೆಂಪು. ಹೊರಮುಚ್ಚಳದ ಮೇಲೆ ಮೂರು ಗುಂಡಿಗಳು: ಹಾಡು ಹಾಕಲು ಒಂದು, ಹಿಂದಿನ ಹಾಡಿಗೊಂದು, ಮುಂದಿನ ಹಾಡಿಗೊಂದು. ಎರಡು ಸ್ಪೀಕರು. ಹಾಡು ಬರುವಾಗ ಅಂಚಿನಲ್ಲಿ ಸಾಲು ದೀಪಗಳು ಮಿಣಮಿಣ ಎಂದು ಕುಣಿಯುತ್ತವೆ. ಕಡಿಮೆ ಬೆಲೆಗೆ ಸಂಗೀತಪ್ರಿಯರ ಫೋನು ಎಂದು ಡಬ್ಬಿಯ ಮೇಲೆ ಬರೆದುಕೊಂಡಿದ್ದಾರೆ. ಸಂಗೀತಪ್ರಿಯರು ಅಂಥ ಪಾಪ ಏನು ಮಾಡಿದ್ದರೋ.

ಎರಡು ವರ್ಷದಿಂದ ನನ್ನನ್ನು ಫ್ರಿಜ್ಜು, ಫ್ಯಾನು, ಇಸ್ತ್ರಿಪೆಟ್ಟಿಗೆಗಳ ಕಡೆಗೆ ತಳ್ಳಿದ್ದರು. ಮನೆಬಳಕೆಯ ವಸ್ತುಗಳನ್ನು ಪರೀಕ್ಷಿಸಿ ಅಂಕ ಕೊಡುವ ಪತ್ರಿಕೆ ನಮ್ಮದು. ಫ್ರಿಜ್ಜಿಗೂ ಯಾರಾದರೂ ಬೇಕಲ್ಲ ಎಂದು ಸಹಿಸಿಕೊಂಡೆ. ಈಗ ಎಲ್ಲರೂ ಕಿವಿ ಮೇಷ್ಟ್ರು ಎಂದು ಕರೆಯುವ ನನಗೆ ಮತ್ತೆ ಸದ್ದಿನ ಕೆಲಸ ಸಿಕ್ಕಿತು ಎಂದರೆ, ಸಿಕ್ಕಿದ್ದು ಈ ದರಿದ್ರ.

ನಿಯಮದ ಪ್ರಕಾರ ನನ್ನ ಸಿಮ್ ಹಾಕಿ ಹತ್ತು ದಿನ ಇದನ್ನೇ ಬಳಸಬೇಕು. ಆಮೇಲೆ ಕಿವಿಯ ಅಂಕವನ್ನು ಬರೆದು, ಲಕೋಟೆಗೆ ಅಂಟು ಹಾಕಿ ಸಂಪಾದಕರಿಗೆ ಕೊಡಬೇಕು. ಯಂತ್ರದ ಅಂಕ ಬೇರೆ ಲಕೋಟೆಯಲ್ಲಿ ಬರುತ್ತದೆ. ಎರಡನ್ನೂ ಒಟ್ಟಿಗೆ ಒಡೆಯುತ್ತಾರೆ. ತಾಳೆಯಾಗದಿದ್ದರೆ ಕಿವಿಯ ಮಾತೇ ಗೆಲ್ಲುತ್ತದೆ. ಇಪ್ಪತ್ತು ವರ್ಷದ ಹಿಂದೆ ಈ ನಿಯಮ ಬರೆದವನು ನಾನೇ. ಹಾಡು ಕೇಳುವವರು ಮನುಷ್ಯರು, ಮೀಟರುಗಳಲ್ಲ.

ಪತ್ರಿಕೆಯಲ್ಲಿ ಸಭ್ಯವಾಗಿ ಬರೆಯಬೇಕು. ಈ ಪುಸ್ತಕದಲ್ಲಿ ಆ ಕಾಟವಿಲ್ಲ.

ಮಾರ್ಚ್ ೫, ಮಂಗಳವಾರ

ಮೊದಲ ದಿನವೇ ಏಳು ಕರೆ ತಪ್ಪಿಹೋದವು. ರಿಂಗಿನ ಸದ್ದನ್ನು ಪೂರ್ತಿ ಏರಿಸಿಟ್ಟಿದ್ದೆ. ಸಂಗೀತದ ಫೋನಂತೆ, ತನ್ನ ರಿಂಗನ್ನೇ ಕೇಳಿಸಲಾರದು. ಮೂರು ಟೇಬಲ್ ಆಚೆಯಿಂದ ಗ್ರಾಫ್ ಎದ್ದು ಬಂದು, ನಿಮ್ಮ ಫೋನು ಹೊಡೆದುಕೊಳ್ಳುತ್ತಾ ಇದೆ ಎಂದು ಹೇಳಿ ಹೋದ. ಅಳತೆಯ ಯಂತ್ರ ನೋಡಿಕೊಳ್ಳುವವನಿಗೆ ನಾವು ಇಟ್ಟ ಹೆಸರು ಅದು. ತನ್ನ ಸಕ್ಕರೆ ಕಾಯಿಲೆಗೂ ಗ್ರಾಫ್ ಬರೆದು ಗೋಡೆಗೆ ಅಂಟಿಸಿರುವ ಗಿರಾಕಿ. ಕೆಲಸ ಬಿಟ್ಟು ಪಕ್ಕದವರ ಫೋನಿಗೇ ಕಿವಿ ನೆಟ್ಟು ಕೂತಿರುತ್ತಾನೆ.

ಸಂಜೆ ಮಗಳು ಫೋನ್ ಮಾಡಿದಳು. ಅವಳ ಮಾತೆಲ್ಲ ಗಂಜಿಯಾಗಿ ಬಂತು. ಹೂಂ, ಹೂಂ ಎಂದು ತಲೆಯಾಡಿಸಿ ಹೆಂಡತಿಯ ಕೈಗೆ ಕೊಟ್ಟೆ. ಇವಳು ಅರ್ಧ ಗಂಟೆ ನಕ್ಕು ನಕ್ಕು ಮಾತಾಡಿದಳು. ಹೆಂಗಸರಿಗೆ ಗಂಜಿಯೂ ಸರಿ, ಅನ್ನವೂ ಸರಿ.

ಮಾರ್ಚ್ ೭, ಗುರುವಾರ

ಅಸಹ್ಯ. ಬೇರೆ ಮಾತಿಲ್ಲ.

ಮೂವತ್ತು ವರ್ಷದಿಂದ ಯಾವ ಯಂತ್ರ ಬಂದರೂ ನಾನು ಕೇಳುವುದು ಅವೇ ಏಳು ಹಾಡು. ಮೂರನೆಯದರಲ್ಲಿ ಗಾಯಕಿ ಪಲ್ಲವಿ ಎತ್ತುವ ಮುಂಚೆ ಸಣ್ಣಗೆ ಉಸಿರು ಎಳೆದುಕೊಳ್ಳುತ್ತಾಳೆ. ಒಳ್ಳೆಯ ಯಂತ್ರವಾದರೆ ಆ ಉಸಿರು ಕಿವಿಯ ಪಕ್ಕದಲ್ಲೇ ಸುಳಿದ ಹಾಗಿರುತ್ತದೆ. ಈ ಫೋನಿನಲ್ಲಿ ಉಸಿರೇ ಇಲ್ಲ. ಹೆಣ ಎದ್ದು ಕೂತು ಹಾಡಿದ ಹಾಗೆ ಪಲ್ಲವಿ ಶುರುವಾಗುತ್ತದೆ. ತಾಳದ ಕಿಣಿಕಿಣಿ ಮಾಯ. ಕೊಳಲು ಕಂಬಳಿ ಹೊದ್ದು ಮಲಗಿದೆ. ಕೆಳಗಿನ ಸ್ವರಗಳು ಮಾತ್ರ ಗುಡುಗುಡು ಎನ್ನುತ್ತವೆ.

ಹೋಲಿಸಿ ನೋಡೋಣವೆಂದು ಅಟ್ಟದಿಂದ ನನ್ನ ಹಳೆಯ ಪ್ಲೇಯರು, ಹಳೆಯ ಹೆಡ್‌ಫೋನು ಇಳಿಸಿದೆ. ಅದರಲ್ಲೂ ಉಸಿರಿಲ್ಲ. ಎರಡು ವರ್ಷ ಅಟ್ಟದಲ್ಲಿ ಬಿದ್ದು ಅದರ ತಂತಿಯೂ ಕೊಳೆತಿರಬೇಕು. ಒಂದು ಕಾಲದಲ್ಲಿ ಆಣೆ ಇಟ್ಟು ಹೇಳಬಹುದಾಗಿದ್ದ ವಸ್ತು.

ಮಾರ್ಚ್ ೮, ಶುಕ್ರವಾರ

ಹೊಸ ಹೆಡ್‌ಫೋನು ತಂದೆ. ಅದೂ ಕಳಪೆ. ಅಂಗಡಿಯವನ ಮುಖದ ಮೇಲೇ ಹೇಳಿ ಬಂದೆ.

ಮಾರ್ಚ್ ೧೦, ಭಾನುವಾರ

ಇವಳಿಗೆ ಆ ಫೋನು ಹಿಡಿಸಿಬಿಟ್ಟಿದೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಪಕ್ಕ ಇಟ್ಟುಕೊಂಡು ಕೂತಿದ್ದಾಳೆ. ಯಾರದೋ ಕೋಟಿನ ಅಸ್ತರು ಬಿಚ್ಚುತ್ತಿದ್ದಳು. ಎರಡೂ ಕೈಯಲ್ಲಿ ಬಟ್ಟೆ, ಬಾಯಲ್ಲಿ ಗುಂಡುಸೂಜಿ. ಹಾಡು ಬದಲಾಯಿಸಬೇಕಾದರೆ ಮೊಣಕೈಯಲ್ಲಿ ಮುಚ್ಚಳದ ಗುಂಡಿ ಒತ್ತುತ್ತಾಳೆ. ಮೊಣಕೈಗೆ ಸಿಗುವ ಗುಂಡಿ ಎಂದು ಬೇಕಾದರೆ ಒಂದು ಅಂಕ ಹೆಚ್ಚು ಕೊಡಬಹುದು, ಅದೂ ಹಿಡಿಯುವ ಅನುಕೂಲದ ಕಾಲಮ್ಮಿನಲ್ಲಿ.

ಸದ್ದು ಹೇಗಿದೆ ಎಂದು ಕೇಳಿದೆ. ಗುಂಡುಸೂಜಿ ತೆಗೆದು, ನನ್ನ ಕಡೆ ಪೂರ್ತಿ ತಿರುಗಿ, ಚೆನ್ನಾಗಿದೆ ಎಂದಳು. ಈಚೆಗೆ ಇವಳಿಗೆ ಇದೊಂದು ಅಭ್ಯಾಸ. ಉಪ್ಪು ಕೊಡಿ ಅನ್ನುವುದಕ್ಕೂ ಎದುರಿಗೆ ಬಂದು ನಿಂತು, ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತಾಳೆ. ನಾನೇನು ಕಟಕಟೆಯಲ್ಲಿ ನಿಂತಿದ್ದೇನೆಯೇ?

ಗೋಡೆಯ ಗಡಿಯಾರಕ್ಕೆ ಈ ತಿಂಗಳಲ್ಲಿ ಎರಡನೆಯ ಸಲ ಸೆಲ್ ಹಾಕಿದೆ. ಟಿಕ್ ಟಿಕ್ ನಿಂತೇ ಹೋಗಿತ್ತು. ಹೊಸ ಸೆಲ್ ಹಾಕಿದರೂ ಇಲ್ಲ. ಮುಳ್ಳು ಮಾತ್ರ ಸರಿಯಾಗಿ ನಡೆಯುತ್ತಿದೆ.

ಮಧ್ಯಾಹ್ನ ನೀರು ಕಾಯಲು ಸೀಟಿ ಹಾಕುವ ಕೆಟಲ್ಲು ಇಟ್ಟು, ಪಕ್ಕದಲ್ಲೇ ಕೂತು ಪೇಪರು ಓದುತ್ತಿದ್ದೆ. ಸೀಟಿ ಹಾಕಲೇ ಇಲ್ಲ. ನೀರೆಲ್ಲ ಇಂಗಿ ತಳ ಕಪ್ಪಾಯಿತು. ವಾಸನೆಗೆ ಇವಳು ಹಿತ್ತಲಿಂದ ಓಡಿ ಬಂದಳು. ಈಗ ಸಿಡಿದು ಬೀಳುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಕೆಟಲ್ಲನ್ನು ನೋಡಿದಳು, ನನ್ನನ್ನು ನೋಡಿದಳು, ತಿಕ್ಕಲು ಕೂತಳು. ನನಗೆ ಆಶ್ಚರ್ಯವಾಯಿತು.

ಮಾರ್ಚ್ ೧೪, ಗುರುವಾರ

ಲಕೋಟೆ ಕೊಟ್ಟೆ. ಸದ್ದಿಗೆ ಹತ್ತಕ್ಕೆ ಎರಡು.

ಬರವಣಿಗೆಯಂತೂ ಚೆನ್ನಾಗಿ ಬಂದಿದೆ. ‘ಈ ಫೋನಿನಲ್ಲಿ ಹಾಡು ಕೇಳುವುದೆಂದರೆ ಮುಚ್ಚಿದ ಬಾಗಿಲಿನ ಆಚೆ ಮದುವೆ ನಡೆಯುತ್ತಿರುವುದನ್ನು ಊಹಿಸಿದಂತೆ. ಮೇಲಿನ ಸ್ವರಗಳು ಸತ್ತಿವೆ.’ ಓದಿ ನಾನೇ ನಕ್ಕೆ. ಒಟ್ಟು ಅಂಕ ಐದು ದಾಟುವುದಿಲ್ಲ. ಐದು ದಾಟದ ವಸ್ತುವನ್ನು ಅಂಗಡಿಯವರು ಮುಟ್ಟುವುದಿಲ್ಲ. ಇದನ್ನು ಮಾಡಿದ ಸಣ್ಣ ಕಂಪನಿಗೆ ಇರುವುದು ಇದೊಂದೇ ಫೋನು ಎಂದು ಸಂಪಾದಕರು ರಾಗ ಎಳೆದರು. ಒಂದನ್ನಾದರೂ ನೆಟ್ಟಗೆ ಮಾಡಬೇಕಿತ್ತು ಎಂದೆ.

ಮಾರ್ಚ್ ೧೫, ಶುಕ್ರವಾರ

ಯಂತ್ರದ ಲಕೋಟೆಯಲ್ಲಿ ಎಂಟು ಇತ್ತು.

ಎಂಟು! ಗ್ರಾಫ್‌ನನ್ನು ಕರೆದು ಮತ್ತೆ ಅಳೆಯಲು ಹೇಳಿದೆ. ಮೂರು ಸಲ ಅಳೆದ. ಎಂಟು, ಎಂಟು, ಎಂಟು. ಮೈಕು ಬದಲಾಯಿಸಿದ. ಆಗಲೂ ಎಂಟು. ಕಾಗದವನ್ನು ನನ್ನ ಮುಂದೆ ಹಿಡಿದು ನೆಲ ನೋಡುತ್ತಾ ನಿಂತಿದ್ದ. ಕಂಪನಿಯವರಿಂದ ಏನಾದರೂ ತಿಂದಿದ್ದೀಯಾ ಎಂದು ಕೇಳಿಯೇಬಿಟ್ಟೆ. ಇಷ್ಟು ದೊಡ್ಡ ಅಂತರವನ್ನು ಹಾಗೇ ಬಿಡಲಾಗದು, ಈ ಸಲ ಕಂಪನಿಯವರನ್ನು ಕರೆಸಿ ಅವರ ಎದುರಿಗೇ ಪರೀಕ್ಷೆ ಮಾಡೋಣ ಎಂದರು ಸಂಪಾದಕರು. ಸೋಮವಾರ ಅಂತೆ. ಬರಲಿ.

ಮನೆಯಲ್ಲಿ ಇದನ್ನೆಲ್ಲ ಹೇಳಿದೆ. ಇವಳು ಕತ್ತರಿ ಕೆಳಗಿಟ್ಟು ಎದುರಿಗೆ ಬಂದು ನಿಂತಳು.

“ರೀ, ಸೋಮವಾರಕ್ಕೆ ಮುಂಚೆ ಒಂದ್ಸಲ ಕಿವಿ ತೋರಿಸ್ಕೊಂಡು ಬರೋಣ. ನಾನೂ ಬರ್ತೀನಿ.”

ಮದುವೆಯಾದಾಗಿನಿಂದ ಇವಳ ಬಾಯಿಂದ ಕೇಳಿದ ಅತಿ ಕೀಳು ಮಾತು ಇದು. ಊಟ ಮಾಡದೆ ಎದ್ದೆ. ಕಟುಕನಿಗೆ ನಿನ್ನ ಕತ್ತಿ ಮೊಂಡು ಎಂದರೂ ಅವನು ತಡೆದುಕೊಂಡಾನು.

ಮಾರ್ಚ್ ೧೮, ಸೋಮವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸಂಪಾದಕರ ಕೋಣೆಯಲ್ಲಿ ಅವರು, ಗ್ರಾಫ್, ನಾನು, ಕಂಪನಿಯ ಇಂಜಿನಿಯರು. ನಾನು ಯಾರೋ ಟೈ ಕಟ್ಟಿದವನನ್ನು ನಿರೀಕ್ಷಿಸಿದ್ದೆ. ಬಂದವಳು ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ಕೈಚೀಲದ ತುಂಬ ಕಾಗದ. ಸ್ಪೀಕರು ಕೂರಿಸಿ ಸದ್ದು ಹದ ಮಾಡಿದ್ದು ಅವಳೇ ಅಂತೆ. ಕಾಗದ ಹೊರಗೆ ತೆಗೆಯಲು ಹೋದಳು. ಅದೆಲ್ಲ ಒಳಗಿರಲಿ ಎಂದು ಫೋನನ್ನು ಅರ್ಧ ತೆರೆದು ಮೇಜಿನ ನಡುವೆ ನಿಲ್ಲಿಸಿ ‘ಏಣಿ’ ಹಾಕಿದೆ.

ಏಣಿ ಎಂದರೆ ನಮ್ಮ ಪರೀಕ್ಷೆಯ ಸ್ವರ. ಗುಂಯ್ ಎನ್ನುವ ತಳದಿಂದ ಶುರುವಾಗಿ, ಒಂದು ನಿಮಿಷದಲ್ಲಿ ಸೊಳ್ಳೆಯ ಸದ್ದನ್ನೂ ದಾಟಿ ಮೇಲಕ್ಕೆ ಹೋಗುತ್ತದೆ. ಗಡಿಯಾರ ನೋಡುತ್ತಾ ನಿಂತೆ. ಮುಕ್ಕಾಲು ನಿಮಿಷ ಆಗುವಷ್ಟರಲ್ಲಿ ಸದ್ದು ಸಣ್ಣಗಾಗಿ, ಎಳೆಯಾಗಿ, ಇಲ್ಲವಾಯಿತು. ಕೈ ಎತ್ತಿದೆ.

“ಇಲ್ಲಿಗೆ ಸತ್ತಿತು. ಇನ್ನೂ ಕಾಲು ನಿಮಿಷ ಬಾಕಿ ಇದೆ. ನೋಡಿದ್ರಾ?”

ಹೇಳಿ ಅವರ ಮುಖ ನೋಡಿದೆ. ಸಂಪಾದಕರು ಹಲ್ಲು ಕಚ್ಚಿ ಕಣ್ಣು ಕಿರಿದು ಮಾಡಿಕೊಂಡಿದ್ದರು. ಗ್ರಾಫ್ ಒಂದು ಕಿವಿಗೆ ಬೆರಳು ಹಾಕಿದ್ದ. ಬಾಗಿಲಲ್ಲಿ ಟೀ ತಂದ ಅಕ್ಕ ನಿಂತಿದ್ದಳು. ಎರಡೂ ಕೈಯಲ್ಲಿ ತಟ್ಟೆ, ಕಿವಿ ಮುಚ್ಚಲು ಆಗದೆ ಭುಜವನ್ನೇ ಎತ್ತಿ ಕಿವಿಗೆ ಒತ್ತಿಕೊಂಡಿದ್ದಳು. ಯಾರೂ ಉಸಿರು ಬಿಡಲಿಲ್ಲ. ಆಮೇಲೆ ಎಲ್ಲರ ಮುಖವೂ ಒಟ್ಟಿಗೇ ಸಡಿಲವಾಯಿತು. ಅಕ್ಕನ ಭುಜ ಇಳಿಯಿತು. ನಾನು ಗಡಿಯಾರ ನೋಡಿದೆ. ಸರಿಯಾಗಿ ಒಂದು ನಿಮಿಷ.

ಎಲ್ಲರೂ ಸೇರಿ ನಾಟಕ ಆಡುತ್ತಿದ್ದೀರಾ ಎಂದು ಕೇಳಿದೆ. ಸಂಪಾದಕರು ಮೇಜಿನ ಮೇಲಿದ್ದ ಪೆನ್ನುಗಳನ್ನು ಜೋಡಿಸತೊಡಗಿದರು. ಆ ಹೆಣ್ಣುಮಗಳು ತನ್ನ ಮುಂದಿದ್ದ ನೀರಿನ ಲೋಟವನ್ನು ನನ್ನ ಕಡೆಗೆ ಸರಿಸಿದಳು. ಅವಳ ವರ್ಷಗಟ್ಟಲೆ ಕೆಲಸಕ್ಕೆ ಎರಡು ಅಂಕ ಹಾಕಿದವನು ನಾನು. ಅವಳು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಕನಿಕರ ಕಂಡು ನನಗೆ ಮೈಯೆಲ್ಲ ಹೇಸಿಗೆಯಾಯಿತು. ನೀರು ಕುಡಿಯಲಿಲ್ಲ.

ಮಾರ್ಚ್ ೧೯, ಮಂಗಳವಾರ

ರಜೆ ಹಾಕಿದೆ. ಕಿಟಕಿಯಲ್ಲಿ ಒಂದು ಹಕ್ಕಿ ಬಂದು ಕೂತಿತ್ತು. ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು.

ಮಾರ್ಚ್ ೨೧, ಗುರುವಾರ

ಕಿವಿ ಪರೀಕ್ಷೆಗೆ ಹೋದೆ. ಇವಳು ಜೊತೆಗಿದ್ದಳು. ಎರಡು ಬಾಗಿಲಿನ ಗೂಡಿನಂಥ ಕೋಣೆ, ಗೋಡೆಗೆಲ್ಲ ಸ್ಪಂಜು, ಯಾರದೋ ತಲೆಯೆಣ್ಣೆ ಮೆತ್ತಿದ ಹೆಡ್‌ಫೋನು. ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದು ಕೈಗೆ ಒಂದು ಗುಂಡಿ ಕೊಟ್ಟರು. ಪರೀಕ್ಷೆ ಮಾಡುವ ಹೆಂಗಸು ಗಾಜಿನ ಆಚೆ ಕೂತಿದ್ದರು.

ಮೊದಲು ಸಲೀಸಾಗಿತ್ತು. ಆಮೇಲೆ ತುಂಬ ಹೊತ್ತು ಏನೂ ಬರಲಿಲ್ಲ. ಆಗ ಗಮನಿಸಿದೆ: ಸದ್ದು ಬಿಡುವಾಗಲೆಲ್ಲ ಅವರ ಬಲಭುಜ ಒಂಚೂರು ಅಲುಗುತ್ತದೆ. ಭುಜ ಅಲುಗಿದಾಗಲೆಲ್ಲ ನಾನು ಗುಂಡಿ ಒತ್ತಿದೆ. ಏಳೆಂಟು ಸಲ ಒತ್ತಿದೆ. ಪರೀಕ್ಷೆಯಲ್ಲಿ ಪಕ್ಕದವನ ಕಾಗದ ನೋಡಿ ಬರೆಯುವವರನ್ನು ಕಂಡರೆ ಶಾಲೆಯಲ್ಲಿ ನನಗೆ ಆಗುತ್ತಿರಲಿಲ್ಲ. ಐವತ್ತೆಂಟನೆಯ ವಯಸ್ಸಿನಲ್ಲಿ ನಾನು ಅದನ್ನು ಮಾಡಿದೆ, ಅದೂ ನನ್ನ ಕಿವಿಯ ಪರೀಕ್ಷೆಯಲ್ಲಿ.

ಆಕೆಗೆ ಗೊತ್ತಾಯಿತು. ಎದ್ದು ಬಂದು, ಏನೂ ಹೇಳದೆ ನನ್ನ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಹೋದರು. ಆಮೇಲೆ ಗುಂಡಿ ಒತ್ತುವ ಸಂದರ್ಭವೇ ಬರಲಿಲ್ಲ.

ಮೇಲಿನ ಸ್ವರಗಳು ಎರಡೂ ಕಿವಿಯಲ್ಲಿ ಹೋಗಿವೆ. ಒಂದೇ ದಿನದಲ್ಲಿ ಹೋದದ್ದಲ್ಲ, ಐದಾರು ವರ್ಷದಿಂದ ಮೆಲ್ಲಗೆ ಹೋಗಿದ್ದು ಎಂದರು. ಕಿವಿಗೆ ಯಂತ್ರ ಹಾಕಿಕೊಂಡರೆ ಮಾತು ತಿಳಿಯುತ್ತದಂತೆ. ಸಂಗೀತದ ಬಗ್ಗೆ ಭರವಸೆ ಕೊಡಲಿಲ್ಲ.

ಮಾರ್ಚ್ ೨೨, ಶುಕ್ರವಾರ

ನಾಳೆ ಸಂಚಿಕೆ ಅಚ್ಚಿಗೆ ಹೋಗಬೇಕು. ಸಂಪಾದಕರು ಬಾಗಿಲು ಹಾಕಿ ಕೂರಿಸಿದರು. ಅವರು ಬಾಯಿ ದೊಡ್ಡದು ಮಾಡಿ ನಿಧಾನಕ್ಕೆ ಮಾತಾಡಿದ್ದು ನೋಡಿ ಕೆನ್ನೆಗೆ ಬಾರಿಸೋಣ ಎನಿಸಿತು.

“ಮೇಷ್ಟ್ರೇ, ಐದೂವರೆ ಹಾಕ್ಬಿಡೋಣ. ಫೋನೂ ಅಂಗಡಿಗೆ ಹೋಗುತ್ತೆ, ನಿಮ್ಮ ಮರ್ಯಾದೆನೂ ಉಳಿಯುತ್ತೆ. ಮುಂದಿನ ತಿಂಗಳಿಂದ ನೀವು ಫ್ರಿಜ್ಜು ನೋಡ್ಕೊಳ್ಳಿ. ಸೋಮವಾರದ ವಿಷಯ ಈ ಕೋಣೆ ಬಿಟ್ಟು ಹೋಗಲ್ಲ.”

ನಾನು ಹೂಂ ಅಂದೆ. ಬರೆದಿಡುತ್ತೇನೆ: ಹೂಂ ಅಂದೆ.

ಐದೂವರೆಗೆ ತಕ್ಕ ಹಾಗೆ ಬರವಣಿಗೆ ತಿದ್ದಬೇಕಲ್ಲ, ಹಿಂದೆ ಹೇಗೆ ಬರೆಯುತ್ತಿದ್ದೆ ನೋಡೋಣವೆಂದು ಹಳೆಯ ಸಂಚಿಕೆಗಳನ್ನು ತೆಗೆದೆ. ಫ್ರಿಜ್ಜಿಗೆ ಹೋಗುವ ಮುಂಚಿನ ಎರಡು ವರ್ಷದವು. ಒಂದು ರೇಡಿಯೋ, ಮೂರು ಅಂಕ. ಒಂದು ಸ್ಪೀಕರು, ಎರಡು. ಇನ್ನೊಂದು ರೇಡಿಯೋ, ಮೂರು. ಒಟ್ಟು ಒಂಬತ್ತು ವಸ್ತುಗಳು, ಒಂದೂ ಐದು ದಾಟಿಲ್ಲ. ಒಂಬತ್ತರಲ್ಲೂ ಅದೇ ವಾಕ್ಯ: ಮೇಲಿನ ಸ್ವರಗಳು ಸತ್ತಿವೆ. ನನ್ನ ಭಾಷೆ ಚುರುಕು ಎಂದು ಎಲ್ಲರೂ ಹೊಗಳುತ್ತಿದ್ದ ದಿನಗಳು ಅವು.

ಯಂತ್ರ ಆಗ ಎಷ್ಟು ಕೊಟ್ಟಿತ್ತು ಎಂದು ಗ್ರಾಫ್‌ನನ್ನು ಕೇಳಿದೆ. ಸೋತ ಲಕೋಟೆಯನ್ನು ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ, ಹರಿದು ಬುಟ್ಟಿಗೆ. ಅದೂ ನನ್ನದೇ ನಿಯಮ. ಒಂಬತ್ತರಲ್ಲಿ ಎಷ್ಟು ಈಗ ಅಂಗಡಿಯಲ್ಲಿವೆ ಎಂದೆ. ಒಂದೂ ಇಲ್ಲ ಎಂದ. ಮೊನ್ನೆ ಅವನಿಗೆ ಆಡಿದ ಮಾತಿಗೆ ಕ್ಷಮೆ ಕೇಳಿದೆ. ಬಿಡಿ ಸರ್ ಎಂದ, ಆದರೆ ಮುಖ ಎತ್ತಲಿಲ್ಲ.

ಮನೆಗೆ ಬಂದು ಇವಳನ್ನು ಕೇಳಿದೆ, ನಿನಗೆ ಯಾವಾಗ ಗೊತ್ತಾಯಿತು ಎಂದು. ದಾರ ಕಚ್ಚಿ ತುಂಡು ಮಾಡಿ, ನನ್ನ ಕಡೆ ತಿರುಗಿದಳು.

“ಮೂರು ವರ್ಷ ಆಯ್ತು ನಾನು ನಿಮ್ಮ ಹಿಂದಿನಿಂದ ಒಂದು ಮಾತೂ ಆಡಿಲ್ಲ. ಆಡಿದ್ರೆ ನಿಮಗೆ ಗೊತ್ತಾಗ್ಬಿಡುತ್ತೆ ಅಂತ ಹೆದರಿಕೆ. ತಪ್ಪು ಮಾಡ್ದೆ. ಮೊದಲೇ ಹೇಳ್ಬೇಕಿತ್ತು.”

ಇವಳ ಕೈಯನ್ನು ನನ್ನ ಕೈಗೆ ತೆಗೆದುಕೊಂಡೆ. ಬೆರಳ ತುದಿಯೆಲ್ಲ ಸೂಜಿ ಚುಚ್ಚಿದ ಗುರುತು.

ಮಾರ್ಚ್ ೨೩, ಶನಿವಾರ

ಐದೂವರೆ ಹಾಕಲಿಲ್ಲ. ಅಚ್ಚಿಗೆ ಹೋದದ್ದರ ನಕಲು ಇದು:

‘ಸದ್ದು: ಅಂಕವಿಲ್ಲ. ಪರೀಕ್ಷಕನ ಕಿವಿಯೇ ಪರೀಕ್ಷೆಯಲ್ಲಿ ಫೇಲಾಗಿದೆ. ಯಂತ್ರದ ಅಳತೆಯಲ್ಲಿ ಎಂಟು. ಮನೆಯಲ್ಲಿ ಹೊಲಿಗೆ ಮಾಡುತ್ತಾ ಹತ್ತು ದಿನ ಕೇಳಿದವರು ಚೆನ್ನಾಗಿದೆ ಎನ್ನುತ್ತಾರೆ. ಅವರ ಕಿವಿ ಸರಿಯಾಗಿದೆ. ಬಣ್ಣ ಅಸಹ್ಯ, ಮಡಚುವ ಕೀಲು ಸಡಿಲ, ದೀಪಗಳ ಕುಣಿತ ಸಹಿಸಲಸಾಧ್ಯ. ಇವಕ್ಕೆ ಪರೀಕ್ಷಕನ ಕಣ್ಣು, ಕೈ ಸಾಕ್ಷಿ. ಈ ಕೆಳಗಿನ ಒಂಬತ್ತು ವಸ್ತುಗಳಿಗೆ ಹಿಂದೆ ಇದೇ ಪರೀಕ್ಷಕ ಕೊಟ್ಟಿದ್ದ ಸದ್ದಿನ ಅಂಕಗಳನ್ನು ಹಿಂದಕ್ಕೆ ಪಡೆಯಲಾಗಿದೆ.’

ಒಂಬತ್ತರ ಪಟ್ಟಿ ಬೇಡವೇ ಬೇಡ ಎಂದು ಸಂಪಾದಕರು ಹಟ ಹಿಡಿದರು. ಪತ್ರಿಕೆಯ ಮಾನ ಏನಾಗಬೇಕು ಎಂದರು. ಪಟ್ಟಿ ಬರದಿದ್ದರೆ ನಾನೇ ಅಂಗಡಿ ಅಂಗಡಿಗೆ ಹೋಗಿ ಹೇಳುತ್ತೇನೆ ಎಂದೆ. ಎರಡು ಗಂಟೆ ಜಗಳ. ಕೊನೆಗೆ ಸಣ್ಣ ಅಕ್ಷರದಲ್ಲಿ ಹಾಕಲು ಒಪ್ಪಿದರು. ಸಣ್ಣ ಅಕ್ಷರ ಕಂಡರೂ ನನಗೆ ವಾಕರಿಕೆ, ಆದರೆ ಇವತ್ತು ಸುಮ್ಮನಾದೆ.

ಏಪ್ರಿಲ್ ೩, ಬುಧವಾರ

ಸಂಚಿಕೆ ಬಂದು ಎರಡು ದಿನವಾಯಿತು. ವಾಪಸು ಕೊಡಬೇಕಾದ ಫೋನಿನಲ್ಲಿ ಇನ್ನೂ ನನ್ನ ಸಿಮ್ ಇದೆ. ಸಂಜೆ ಇವಳು ಅದನ್ನು ತಂದು, ಆ ಇಂಜಿನಿಯರು ಮಾತಾಡುತ್ತಾ ಇದ್ದಾಳೆ ಎಂದಳು. ಕಿವಿಗಿಟ್ಟುಕೊಂಡೆ. ಗಂಜಿ. ನನ್ನ ಕಿವಿಯ ಯಂತ್ರ ಬರುವುದಕ್ಕೆ ಇನ್ನೂ ಹದಿನೈದು ದಿನ ಇದೆ. ನೀನೇ ಕೇಳಿ ಹೇಳು ಎಂದು ಇವಳಿಗೆ ಕೊಟ್ಟೆ. ಧನ್ಯವಾದ ಹೇಳಲು ಮಾಡಿರಬೇಕು, ಬೇಗ ಮುಗಿದರೆ ಸಾಕು ಎಂದುಕೊಂಡೆ.

ಇವಳು ತುಂಬ ಹೊತ್ತು ಕೇಳಿಸಿಕೊಂಡಳು. ಆಮೇಲೆ ಫೋನನ್ನು ಎದೆಗೆ ಒತ್ತಿಹಿಡಿದು ನನ್ನ ಎದುರಿಗೆ ಬಂದು ಕೂತಳು.

“ನಿಮ್ಮ ಪಟ್ಟಿಯಲ್ಲಿ ನಾಲ್ಕನೇದು, ಒಂದು ಚಿಕ್ಕ ರೇಡಿಯೋ. ಅದರ ಸದ್ದು ಹದ ಮಾಡಿದ್ದೂ ಇವಳೇ ಅಂತೆ. ಆಗ ಬೇರೆ ಕಂಪನಿ, ಅದು ಮುಚ್ಚಿಹೋಯ್ತಂತೆ. ಜಗಳಕ್ಕೆ ಫೋನ್ ಮಾಡಿಲ್ಲ ಅಂತಾಳೆ. ತನಗೆ ಕೆಲಸ ಬರಲ್ಲ ಅಂತಲೇ ಇಷ್ಟು ವರ್ಷ ಅಂದ್ಕೊಂಡಿದ್ಲಂತೆ. ಒಂದೇ ಒಂದು ವಿಷಯ ತಿಳ್ಕೋಬೇಕಂತೆ. ಆ ರೇಡಿಯೋ ಚೆನ್ನಾಗಿತ್ತಾ?”

ಆ ರೇಡಿಯೋವನ್ನು ನೆನಪಿಸಿಕೊಳ್ಳಲು ನೋಡಿದೆ. ಬಣ್ಣ ನೆನಪಿದೆ, ತೂಕ ನೆನಪಿದೆ. ಅದರ ಬಗ್ಗೆ ಬರೆದ ಚುರುಕು ವಾಕ್ಯವಂತೂ ಬಾಯಿಪಾಠವಿದೆ. ಸದ್ದು ಮಾತ್ರ ನೆನಪಿಲ್ಲ. ನೆನಪಿದ್ದರೂ ಅದು ಯಾವ ಕಿವಿಯ ನೆನಪು?

ಗೊತ್ತಿಲ್ಲ ಎಂದು ಹೇಳು ಎಂದೆ.

ಇವಳು ಹೇಳಲಿಲ್ಲ. ಫೋನನ್ನು ನನ್ನ ಕೈಗೆ ಕೊಟ್ಟಳು.

“ನನಗೆ ಗೊತ್ತಿಲ್ಲಮ್ಮಾ,” ಎಂದೆ. “ನಾನು ಅದನ್ನ ಕೇಳಿಲ್ಲ. ಕೇಳದೇನೇ ಬರೆದೆ.”

ಆ ಕಡೆಯಿಂದ ಅವಳು ಏನಾದರೂ ಹೇಳಿದಳೋ, ಸುಮ್ಮನಿದ್ದಳೋ, ಅಳುತ್ತಿದ್ದಳೋ, ನನಗೆ ತಿಳಿಯಲಿಲ್ಲ. ಫೋನು ಕಿವಿಗೆ ಒತ್ತಿಕೊಂಡು ಹಾಗೇ ಕೂತಿದ್ದೆ. ಅವಳೇ ಇಟ್ಟ ಮೇಲೂ ಕೂತಿದ್ದೆನಂತೆ, ಇವಳು ಬಂದು ಕೈಯಿಂದ ತೆಗೆದುಕೊಳ್ಳುವವರೆಗೆ.